ಫ್ರೆಂಚರ ಒಳಲೆ

ಸಿದ್ಧಾರ್ಥ ಭೂತಗನ್ನಡಿ ತೆಗೆದ ಕೂಡಲೇ ಭದ್ರಮ್ಮನ ಎದೆ ಧಸಕ್ಕೆಂದಿತು.

ಕಲ್ಯ ಊರಿನ ಅವಳ ಮನೆಯಲ್ಲಿ ಅವತ್ತು ಮಗಳು ದಿವ್ಯಳ ಮಗುವಿಗೆ ನಾಮಕರಣ. ವಿರೂಪಾಕ್ಷಿಪುರದಿಂದ ತಮ್ಮ ಚಿಕ್ಕರಾಜು, ಹೆಂಡತಿ ಶಿವಲಕ್ಷ್ಮಿಯ ಜೊತೆ ತವರಿನ ಬೆಳ್ಳಿ ಒಳಲೆ ತಂದಿದ್ದ. ಮಗುವಿಗೆ ಹಾಲು ಕುಡಿಸುವ, ಕೊಕ್ಕಿನ ಪುಟ್ಟ ಪಾತ್ರೆ. ಮುತ್ತಾತನಿಗೆ ಫ್ರೆಂಚ್ ರೇಷ್ಮೆ ವ್ಯಾಪಾರಿಯೊಬ್ಬ ಕೊಟ್ಟದ್ದಂತೆ. ತವರಿನ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಹಡೆದಾಗ ಅದು ಮಗಳನ್ನು ಕೊಟ್ಟ ಮನೆಗೆ ಹೋಗಬೇಕು, ಮಗು ಲೋಟ ಹಿಡಿದ ಮೇಲೆ ತವರಿಗೆ ಮರಳಬೇಕು. ಈ ಕಥೆ ಕೇಳಿ ಬೆಂಗಳೂರಿನ ಮ್ಯೂಸಿಯಂನ ಸಿದ್ಧಾರ್ಥನೂ ಚಿಕ್ಕರಾಜುವಿನ ಬೆನ್ನು ಹತ್ತಿ ಬಂದಿದ್ದ.

ತಮ್ಮ ತಂದದ್ದು ಅಸಲಿಯಲ್ಲ ಎಂದು ಭದ್ರಮ್ಮನಿಗೆ ಗೊತ್ತು. ಮೂವತ್ತು ವರ್ಷದ ಹಿಂದೆ, ದಿವ್ಯ ಕುಡಿದ ಒಳಲೆ ಬಿಟ್ಟುಕೊಡಲು ಮನಸ್ಸಾಗದೆ, ಮಾಗಡಿಯ ಅಕ್ಕಸಾಲಿಯಿಂದ ಅಂಥದ್ದೇ ಇನ್ನೊಂದು ಮಾಡಿಸಿ ತವರಿಗೆ ಕಳಿಸಿದ್ದಳು. ಇವತ್ತು ಗುಟ್ಟು ಬಯಲಾದರೆ ತವರಿನ ಹೊಸಿಲು ಯಾವ ಮುಖದಲ್ಲಿ ತುಳಿಯುವುದು?

"ರೊಕೊಕೊ ಶೈಲಿ ಅಂತಾರೆ ಇದನ್ನ." ಸಿದ್ಧಾರ್ಥ ಚಿಪ್ಪು, ಬಳ್ಳಿ, ಸುರುಳಿಗಳನ್ನು ತೋರಿಸಿದ. "ಈ ಶೈಲಿ ಹಳೇದಾಗಿ ನೂರು ವರ್ಷ ಆದ್ಮೇಲೆ ಫ್ರಾನ್ಸಿನ ಬೆಳ್ಳಿ ಕೆಲಸದವರಿಗೆ ಮತ್ತೆ ಇದರ ಹುಚ್ಚು ಹತ್ತಿತು. ತಾತಂದಿರ ಕೆಲಸ ನೋಡ್ಕೊಂಡು ಮಾಡಿದ್ರು. ಒಂಥರಾ ಅವರೂ ನಕಲು ಹೊಡೆದೋರೇ!"

ಮೂಲೆಯ ಮಂಚದಿಂದ ಕೆಂಚಮ್ಮ ಕಿಸಕ್ಕನೆ ನಕ್ಕಳು. ಭದ್ರಮ್ಮನಿಗೆ ಆಕೆ ಅಪ್ಪನ ಅಕ್ಕ, ಗಂಡನ ತಾಯಿಯೂ ಹೌದು. ಎಂಬತ್ತೆಂಟು ವಯಸ್ಸು. ಜಿಡ್ಡುಗಟ್ಟಿ ಕಪ್ಪಾದ ಎಣ್ಣೆಗಿಂಡಿಯಿಂದ ಹರಳೆಣ್ಣೆ ಬಗ್ಗಿಸಿಕೊಂಡು ಮಂಡಿ ತಿಕ್ಕುವುದೇ ದಿನದ ಕೆಲಸ. ಅದನ್ನು ಹುಣಸೆಹಣ್ಣು ಹಾಕಿ ಬೆಳಗುತ್ತೇನೆಂದ ಸೊಸೆಯನ್ನು ಎಷ್ಟು ಸಲ ಬೈದು ಓಡಿಸಿದ್ದಳೋ.

ಸಿದ್ಧಾರ್ಥ ಒಳಲೆಯ ತಳ ತಿರುಗಿಸಿದ. "ಇಲ್ಲಿ ಫ್ರೆಂಚ್ ಸರ್ಕಾರದ ಮುದ್ರೆ ಇರಬೇಕು. ಶಿರಸ್ತ್ರಾಣ ತೊಟ್ಟ ಹೆಂಗಸಿನ ತಲೆ. ಇದೆ. ಆದ್ರೆ..." ಅವನಿಗೆ ನಗು ತಡೆಯಲಾಗಲಿಲ್ಲ. "ಈಯಮ್ಮ ಮೂಗುಬೊಟ್ಟು ಇಟ್ಕೊಂಡಿದ್ದಾಳೆ. ಕಿವಿಗೆ ಓಲೆ ಬೇರೆ! ಇದು ನಮ್ಮ ಕಡೆ ಅಕ್ಕಸಾಲಿ ಕೆಲಸ. ಬರೀ ಮೂಗಿನ ಹೆಂಗಸನ್ನ ಕೆತ್ತೋಕೆ ಅವನಿಗೆ ಮನಸ್ಸು ಒಪ್ಪಿಲ್ಲ."

ಚಿಕ್ಕರಾಜು ಹೆಂಡತಿಯತ್ತ ತಿರುಗಿದ. "ಬೀರು ಬೀಗದ ಕೈ ನಿನ್ ಸೊಂಟದಲ್ಲೇ ಅಲ್ವಾ ಇದ್ದುದ್ದು? ಅಸಲಿನ ನಿಮ್ಮಪ್ಪನ ಮನೆಗೆ ಸಾಗಿಸ್ಬುಟ್ಟಾ?"

ಶಿವಲಕ್ಷ್ಮಿಯ ಕಣ್ಣು ತುಂಬಿ ಬಂತು. ತನ್ನ ತಪ್ಪಿಗೆ ಆ ಹೆಣ್ಣು ಅಳುವುದೇ? ಮಾನ ಹೋದರೆ ಹೋಗಲಿ ಎಂದು ಭದ್ರಮ್ಮ ಒಳಗೆ ಓಡಿದಳು. ಸೀರೆಗಳ ಅಡಿಯಿಂದ ಗಂಟು ತಂದು ಬಿಚ್ಚಿದಳು.

"ಅವಳನ್ನ ಯಾಕ್ಲಾ ಅಂತೀಯ? ಕದ್ದೋಳು ನಾನು ಕಣ್ಲಾ. ತಗೋ, ಅಸಲಿ ಇಲ್ಲೈತೆ."

"ಅಕ್ಕಾ!" ಎಂದು ತೆರೆದ ಬಾಯಿಯನ್ನು ಚಿಕ್ಕರಾಜು ಮುಚ್ಚಲೇ ಇಲ್ಲ.

ಸಿದ್ಧಾರ್ಥ ಅದರ ತಳವನ್ನೂ ನೋಡಿದ. ಮತ್ತೆ ಮತ್ತೆ ನೋಡಿದ. "ಇದು ಅದಕ್ಕಿಂತ ಹಳೇದು, ನಿಜ ಅಮ್ಮ. ಕಿವಿಗೆ ಓಲೆ ಇಲ್ಲ. ಆದ್ರೆ ಮೂಗುಬೊಟ್ಟು ಇದೆ."

ಕೆಂಚಮ್ಮ ಗಿಂಡಿಯಲ್ಲಿ ಉಳಿದ ಎಣ್ಣೆಯನ್ನು ನಿಧಾನಕ್ಕೆ ಅಂಗೈಗೆ ಬಗ್ಗಿಸಿಕೊಂಡಳು, ಗಿಂಡಿಯ ತಳವನ್ನು ಸೆರಗಿನಿಂದ ಒರೆಸಿ ಸಿದ್ಧಾರ್ಥನತ್ತ ಚಾಚಿದಳು.

"ನೋಡಪ್ಪ, ಇವಳ ಮೂಗು ಬೋಳು. ನಮ್ ಭದ್ರಿ ಗಂಡನ್ನ ನಾನು ಹಡೆದಾಗ, ನಂಗೂ ವಾಪಸ್ ಕೊಡಕ್ಕೆ ಮನ್ಸು ಬರ್ನಿಲ್ಲ."