ಉತ್ತರದ ಮೇಲಿನ ಸಾಲು

ಪಾಂಡುರಂಗರಾಯರು ತಮ್ಮ ಸಂದೇಶವನ್ನು ಅಳಿಸಿದರು. ಆದರೆ ಅದು ಸಿಂದಗಿ ಕವಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಹೋಗಲಿಲ್ಲ. 'ಇದು ಕವಿತೆಯಲ್ಲ, ಸಂತೆಯ ಯಾದಿ' ಎಂದು ತನ್ನ ಕವಿತೆಗೆ ಅವರು ಬರೆದ ಮಾತನ್ನು ಯುವ ಕವಯಿತ್ರಿ ವಿಜಯಶ್ರೀ ಮೊದಲೇ ಉಲ್ಲೇಖಿಸಿ, ಕೆಳಗೆ 'ಧನ್ಯವಾದಗಳು' ಎಂದಷ್ಟೇ ಉತ್ತರಿಸಿದ್ದಳು. ಸಂಜೆಯ ಗೋಷ್ಠಿಗೆ ರಾಯರೇ ಅಧ್ಯಕ್ಷರು; ಅದನ್ನು ಓದಿದ ಕವಿಗಳು ಒಬ್ಬೊಬ್ಬರಾಗಿ ಬರುವುದಿಲ್ಲವೆನ್ನತೊಡಗಿದ್ದರು.

ರಾಯರು ಅವಳಿಗೆ ಫೋನು ಹಚ್ಚಿದರು. "ನಂದು ಅಳಿಸೇನಿ ತಂಗಿ. ನಿಂದೂ ಅಳಿಸಿಬಿಡು."

"ನಿಮ್ಮದು ಬೈಗಳ ಇತ್ತು, ಅಳಿಸಿದ್ರಿ. ನಂದು ಧನ್ಯವಾದ ಐತ್ರಿ ಸರ್, ಯಾಕ ಅಳಿಸ್ಲಿ?"

"ಮ್ಯಾಲ ನನ್ನ ಮಾತು ಯಾಕ ಇಟ್ಟಿ?" ರಾಯರ ದನಿ ಗಡುಸಾಯಿತು.

"ಯಾರ ಮಾತಿಗೆ ಉತ್ತರ ಕೊಡ್ತೀರಿ, ಆ ಮಾತು ಮ್ಯಾಲ ಇಟ್ಟ ಬರೀರಿ ಅಂತ ಗುಂಪಿಗೆ ನಿಯಮ ಹಾಕಿದವ್ರು ನೀವ ಅಲ್ಲೇನ್ರಿ?"

ಫೋನಿಟ್ಟು, ರಾಯರು ಆ ನಿಯಮವನ್ನು ಹುಡುಕಿ ಅಳಿಸಿದರು. ಅದನ್ನೂ ಯಾರೋ ಆಗಲೇ ಉಲ್ಲೇಖಿಸಿದ್ದರು.