ಐಸ್ ಕಾರ್ಖಾನೆಯ ಹಿಂದಿನ ಗಿಡ

ಮಳೆ ನಿಂತು ಚಳಿ ಇನ್ನೂ ಕಾಲಿಡದ ದಿನಗಳು, ಸಂಜೆ ಐದರ ಹೊತ್ತು. ಮುಚ್ಚಿಹೋದ ಐಸ್ ಕಾರ್ಖಾನೆಯ ಹಿಂಗೋಡೆಯ ಬುಡದಲ್ಲಿ ಸೊಸೆ ಕುಕ್ಕರಗಾಲಲ್ಲಿ ಕೂತು ಒಂದು ಗಿಡದ ಎಲೆ ಸವರಿದಳು. ಮೊಣಕಾಲೆತ್ತರದ ಗಿಡ. ಎಲೆ ಮಖಮಲ್ಲಿನ ಹಾಗೆ ಮೆತ್ತಗಿತ್ತು.

“ಅತ್ತೆ, ಇದು ಯಾವ ಗಿಡ?”

ಅತ್ತೆಗೆ ಮಾರು ದೂರದಿಂದಲೇ ಗೊತ್ತಾಗಿತ್ತು. ಆದರೆ ಹಿಂದಿನ ದಿನವಷ್ಟೇ ಸೊಸೆಯ ಅಣ್ಣ ಫೋನು ಮಾಡಿದ್ದ: ತನ್ನೂರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಖಾಲಿಯಿದೆ, ತಂಗಿಗೆಂದು ಮಾತಾಡಿಟ್ಟಿದ್ದೇನೆ ಎಂದು. ಎಲೆ ಕೂಡಿಡುವ ನನ್ನ ಗಿಡಗಳ ಪುಸ್ತಕದಲ್ಲಿ ಒಂದೇ ಹಾಳೆ ಉಳಿದಿದೆ, ಅದನ್ನು ತುಂಬಿಸಿ ಬರುತ್ತೇನೆ ಎಂದಿದ್ದಳು ಸೊಸೆ.

“ಬರೀ ಎಲೆ ನೋಡಿ ಹೇಳೋಕಾಗಲ್ಲ ಕಣಮ್ಮ. ಇಂಥ ಎಲೆ ನಾಲ್ಕು ಗಿಡಕ್ಕಿರುತ್ತೆ. ಹೂ ಬಿಡ್ಲಿ, ಆಮೇಲೆ ನೋಡೋಣ” ಎಂದಳು ಅತ್ತೆ.

“ನಿಮಗೂ ಗೊತ್ತಿಲ್ಲದ ಗಿಡ ಇದೆಯಾ?”

“ನಾನೇನು ಗಿಡಗಳ ಹೆಡ್ ಮಾಸ್ಟ್ರಾ? ಅಂಗಿಗೆ ಕಾಜಾ ಹಾಕೋ ಮುದುಕಿ.”

ಸೊಸೆ ನಕ್ಕಳು. ಆ ನಗು ಕೇಳಲು ಅತ್ತೆ ಎಂಟು ತಿಂಗಳು ಕಾದಿದ್ದಳು. ಮಗ ತೀರಿಕೊಂಡ ಮೇಲೆ ಈ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳುತ್ತಲೇ ಇರಲಿಲ್ಲ. ನನ್ನ ಕಣ್ಣು ಮಂಜು, ಬೇಲಿಯಲ್ಲಿರೋ ಹೂವಿನ ಬಣ್ಣ ಯಾವುದು ನೋಡಿ ಹೇಳು ಬಾ ಎಂದು ಸುಳ್ಳು ಹೇಳಿ ಅತ್ತೆ ಅವಳನ್ನು ಬೀದಿಗೆ ಎಳೆದಿದ್ದಳು. ತುಂಬೆ, ಉತ್ತರಾಣಿ, ನೆಲನೆಲ್ಲಿ, ಹೀಗೆ ಹೋದ ಕಡೆಯೆಲ್ಲ ಒಂದೊಂದು ಗಿಡ. ಎಲೆ ಒತ್ತಿಟ್ಟು ಹೆಸರು ಬರೆಯುತ್ತಾ ಬರೆಯುತ್ತಾ ಹುಡುಗಿ ಮತ್ತೆ ತಲೆ ಬಾಚಿಕೊಂಡಳು, ಹಸಿವು ಅಂದಳು. ಈಗ ಆ ಪುಸ್ತಕವೇ ಮುಗಿಯಲು ಬಂದಿತ್ತು.

ವಾರ ಕಳೆಯುವಷ್ಟರಲ್ಲಿ ಎಲೆಗಳ ಬುಡದಲ್ಲಿ ಮೊಗ್ಗು ಕಂಡವು. ಅತ್ತೆ ಬೆಳಿಗ್ಗೆ ಟೈಲರ್ ಅಂಗಡಿಗೆ ಅಂಗಿ ಕೊಡಲು ಹೋಗುವಾಗ ಸುತ್ತುಬಳಸಿ ಐಸ್ ಕಾರ್ಖಾನೆಯ ಹಿಂದೆ ಹೋದಳು. ಅತ್ತ ಇತ್ತ ನೋಡಿ, ಮೊಗ್ಗುಗಳನ್ನು ಚಿವುಟಿ ಚರಂಡಿಗೆ ಎಸೆದಳು. ದಾರ ತುಂಡರಿಸಿ ಪಳಗಿದ ಉಗುರು, ಗಿಡ ಅಲುಗಲೂ ಇಲ್ಲ. ಮರುದಿನವೂ ಹೋದಳು. ಅದರ ಮರುದಿನವೂ.

“ಎಂಥ ಮೊಂಡು ಗಿಡ ಅತ್ತೆ ಇದು” ಎಂದು ಸಂಜೆ ಸೊಸೆ ಬೇಸರಪಟ್ಟುಕೊಳ್ಳುವಳು. ಅಣ್ಣ ಫೋನಿನಲ್ಲಿ ರೇಗಿದ. “ಕೆಲಸಕ್ಕೆ ಸೇರೋಕೆ ಗಿಡದ ಅಪ್ಪಣೆ ಬೇಕೇನೇ ನಿನಗೆ? ಈ ತಿಂಗಳು ಮುಗಿಯೋದ್ರೊಳಗೆ ಬರದಿದ್ರೆ ಬೇರೆಯವರಿಗೆ ಕೊಡ್ತಾರಂತೆ.” ಇನ್ನೆರಡು ದಿನ ಅಣ್ಣಾ, ಎಂದಳು ಸೊಸೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಆಮೇಲೆ ಅತ್ತೆಗೆ ಜ್ವರ ಬಂತು. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ಸಂಜೆ, ನೀನೊಬ್ಬಳೇ ಹೋಗಬೇಡ, ನಾಳೆ ಇಬ್ಬರೂ ಹೋಗೋಣ ಎಂದರೂ ಕೇಳದೆ ಸೊಸೆ ಹೊರಟಳು. ದೀಪ ಹಚ್ಚುವ ಹೊತ್ತಿಗೆ ಬಂದಳು. ನೀರು ಕಾಸಿದಳು, ಮಾತ್ರೆ ಬಿಡಿಸಿ ಅತ್ತೆಯ ಅಂಗೈಗೆ ಹಾಕಿದಳು.

“ಹೂ ಬಿಟ್ಟಿತ್ತಾ?” ಅತ್ತೆಯೇ ಕೇಳಿದಳು.

“ಇಲ್ಲ ಅತ್ತೆ. ಅದು ಹೂ ಬಿಡೋ ಜಾತಿನೇ ಅಲ್ಲ ಅನ್ಸುತ್ತೆ. ಆ ಕೆಲಸ ಬೇಡ ಅಂತ ಅಣ್ಣಂಗೆ ಹೇಳಿಬಿಡ್ತೀನಿ.”

ಲೋಟ ಹಿಡಿದ ಸೊಸೆಯ ಕೈ ದೀಪದ ಕೆಳಗೆ ಬಂತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಸಿರು, ಅದರ ಮೇಲೆ ಹಳದಿ ಹುಡಿ. ಅತ್ತೆ ಆ ಹುಡಿಯನ್ನೇ ನೋಡಿದಳು. ಗಿಡ ಹೂ ಬಿಟ್ಟಿದೆ. ಚಿವುಟಿದ ತೊಟ್ಟುಗಳನ್ನೆಲ್ಲ ಈ ಹುಡುಗಿ ಕಂಡಿದ್ದಾಳೆ, ಯಾರ ಉಗುರು ಎಂದು ತಿಳಿದಿದ್ದಾಳೆ. ತಿಳಿದೂ, ಅರಳಿದ ಹೂವನ್ನು ತಾನೇ ಚಿವುಟಿ ಹಾಕಿ ಬಂದಿದ್ದಾಳೆ.

ಅತ್ತೆ ಮಾತ್ರೆ ನುಂಗಿ ನೀರು ಕುಡಿದಳು.

“ಪುಸ್ತಕ ತೆಗಿ. ಅದು ಮುದ್ರೆ ಗಿಡ. ಅದರ ಕಾಯಿ ಮುದ್ರೆ ಒತ್ತೋ ಅಚ್ಚಿನ ಹಾಗಿರುತ್ತೆ. ಬರ್ಕೋ.”

“ಹೂ ನೋಡದೆ ಹೇಗೆ ಹೇಳ್ತೀರಿ?”

“ಮೊದಲನೇ ದಿನವೇ ಗೊತ್ತಿತ್ತು ಕಣೇ. ಬರ್ಕೋ ಅಂದೆನಲ್ಲ.”

ಸೊಸೆ ಪುಸ್ತಕ ಮುಟ್ಟಲಿಲ್ಲ. “ನಿಮಗಿನ್ಯಾರಿದ್ದಾರೆ ಅತ್ತೆ?” ಎಂದಳು.

“ನನ್ನ ನೆಪ ಹೇಳಬೇಡ. ನೀನೂ ಇಲ್ಲೇ ಗೋಡೆ ನೋಡ್ತಾ ಕೂತ್ರೆ, ನಾನು ಕಳಕೊಂಡದ್ದು ಒಬ್ಬನನ್ನಲ್ಲ, ಇಬ್ಬರನ್ನ.”

ಹೆಸರು ಬರೆಯುವ ತನಕ ಅತ್ತೆ ಮಲಗಲಿಲ್ಲ. ಬರೆದ ಮೇಲೆ ಸೊಸೆಯ ಕೈಯಿಂದಲೇ ಅಣ್ಣನಿಗೆ ಫೋನು ಮಾಡಿಸಿದಳು.

ಮುಂದಿನ ಶನಿವಾರ ಟೈಲರ್ ತಾನೇ ಮನೆ ಬಾಗಿಲಿಗೆ ಬಂದು ಒಂದು ಅಂಗಿ ಬಿಡಿಸಿ ಹಿಡಿದ.

“ಏನಮ್ಮಾ ಇದು? ಇಷ್ಟು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿದವರಲ್ಲ ನೀವು. ಎರಡೂ ಪಟ್ಟಿಗೆ ಕಾಜಾ ಹಾಕಿಬಿಟ್ಟಿದ್ದೀರಿ. ಗುಂಡಿ ಎಲ್ಲಿ ಹೊಲೀಲಿ ನಾನು?”

ಅತ್ತೆ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ತೂತನ್ನು ಬೆರಳಿಂದ ಮುಟ್ಟಿದಳು.

“ಇದು ಯಾವತ್ತು ಹಾಕಿದ್ದು?”

“ಗುರುವಾರ ಸಂಜೆ ಕೊಟ್ರಲ್ಲ, ಆ ಕಟ್ಟಿಂದು.”

“ಗುರುವಾರ ನನ್ನ ಸೊಸೆ ಹೋದಳಪ್ಪ” ಎಂದಳು ಅತ್ತೆ.