ಸದ್ದನ್ನು ಸಮ ಮಾಡುವ ಡಬ್ಬಿ

“ಇದು ಕಂಪ್ರೆಸರ್, ಮಾಪ್ಳೆ,” ಎಂದು ದೇವರಾಜನ್ ಅಂಗೈಯಗಲದ ತಗಡಿನ ಡಬ್ಬಿಯೊಂದನ್ನು ಬೇಸ್ ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಸಿಕ್ಕಿಸಿದ. “ನೀ ಜೋರಾಗಿ ಮೀಟಿದ್ರೆ ಅಮುಕ್ತದೆ, ಮೆಲ್ಲಗೆ ಮೀಟಿದ್ರೆ ಎತ್ತಿ ಕೊಡ್ತದೆ. ಎಲ್ಲಾ ಒಂದೇ ಸಮ. ಹೋದ ಮದುವೇಲಿ ಸ್ಪೀಕರ್ ಹರಿದಂಗೆ ಇವತ್ತೂ ಏನಾದ್ರೂ ಆದ್ರೆ, ತಂಗಿ ಗಂಡ ಅಂತ ನೋಡಲ್ಲ, ಆಮಾ, ಹೇಳಿರ್ತೀನಿ!”

ಗಾಂಧಿಪುರಂನ ಮಂಟಪದಲ್ಲಿ ಆರತಕ್ಷತೆಗೆ ಜನ ಕೂಡುತ್ತಿದ್ದರು. ವೆಲ್ಲಿಂಗಿರಿ ಭಾವನ ತುಟಿಗಳನ್ನೇ ನೋಡುತ್ತ ತಲೆಯಾಡಿಸಿದ. ಅವನ ಕಿವಿ ಕೈಕೊಟ್ಟು ಬಹಳ ಕಾಲವಾಗಿತ್ತು. ಕರುಮತ್ತಂಪಟ್ಟಿಯ ಪವರ್‌ಲೂಮ್ ಶೆಡ್ಡು ಅದನ್ನು ಚೂರುಚೂರಾಗಿ ತಿಂದು ಮುಗಿಸಿತ್ತು. ಭಾವನ ಹಾಡಿನ ತಂಡದಲ್ಲಿ ಗಿಟಾರ್ ಹಿಡಿದು ನಿಂತಾಗ ಮಾತ್ರ ಅವನಿಗೆ ತಾನೂ ಒಬ್ಬ ಮನುಷ್ಯ ಅನಿಸುತ್ತಿತ್ತು. ಅದೂ ಕೈತಪ್ಪಿದರೆ ಉಳಿಯುವುದು ಮಗ್ಗವೊಂದೇ. ಅದಕ್ಕೇ ಕಿವುಡುತನವನ್ನು ಮುಚ್ಚಿಟ್ಟಿದ್ದ. ಮಗ್ಗದವರೆಲ್ಲ ಕೂಗಿಯೇ ಮಾತಾಡುವವರು, ಯಾರಿಗೆ ಅನುಮಾನ ಬರಬೇಕು?

ಗೊತ್ತಿದ್ದವಳು ಹೆಂಡತಿ ಶಿವಗಾಮಿ ಒಬ್ಬಳೇ. ಅವಳೂ ಅದೇ ಶೆಡ್ಡಿನವಳು. ಆ ಆರ್ಭಟದಲ್ಲಿ ದನಿಗೆ ಬೆಲೆಯಿಲ್ಲ. ಅಲ್ಲಿ ತುಟಿ ಓದಬೇಕು, ಕೈ ನೋಡಬೇಕು. ಪ್ರತಿ ಕಚೇರಿಯಲ್ಲೂ ಅವಳು ಮುಂದಿನ ಸಾಲಿನಲ್ಲಿ ಕೂತು ಶೆಡ್ಡಿನ ಸನ್ನೆಗಳಲ್ಲೇ ಗಂಡನನ್ನು ದಡ ಮುಟ್ಟಿಸುತ್ತಿದ್ದಳು. ಅಂಗೈ ಕೆಳಗಾದರೆ ಜೋರಾಯಿತು, ಮೇಲಾದರೆ ಸಾಲದು. ನೂಲು ಹರಿದಾಗ ಮಾಡುವಂತೆ ಎರಡು ಬೆರಳು ಅಗಲಿಸಿದರೆ ಶ್ರುತಿ ತಪ್ಪಿದೆ. ಹೋದ ಮದುವೆಯ ದಿನ ಅವಳಿಗೆ ಜ್ವರ; ಸ್ಪೀಕರ್ ಹರಿದದ್ದು ಅವತ್ತೇ.

“ಇವತ್ತು ನೀ ಇಲ್ಲಿ ಕೂರೋದ್ ಬೇಡ. ಎಲ್ಲರ ಜತೆ ಹೋಗಿ ಊಟ ಮಾಡು. ಡಬ್ಬಿ ಇದೆ,” ಎಂದ ವೆಲ್ಲಿಂಗಿರಿ.

“ಡಬ್ಬಿ ಸದ್ದು ನೋಡ್ಕೊತದೆ. ಶ್ರುತಿ ಯಾರು ನೋಡ್ಕೊಳ್ಳೋದು?” ಅವಳು ತುಟಿ ಮಾತ್ರ ಆಡಿಸಿದಳು.

“ಒಂದು ದಿನ ನಿನ್ನ ಕೈ ನೋಡ್ದೆ ಬಾರಿಸ್ತೀನಿ, ಬಿಡೇ!”

ಅವಳ ಮುಖ ಸಣ್ಣದಾಯಿತು. ಎದ್ದು ಊಟದ ಮನೆಗೆ ಹೋದಳು.

ಹಾಡು ಶುರುವಾಯಿತು. ವೆಲ್ಲಿಂಗಿರಿ ಆಂಪ್ಲಿಫಯರಿಗೆ ಕಾಲೊತ್ತಿಕೊಂಡು ನಿಂತ. ಮೊದಲೆಲ್ಲ ಒಮ್ಮೆ ಗುದ್ದಿದಂತೆ, ಒಮ್ಮೆ ಏನೂ ಇಲ್ಲದಂತೆ ಇರುತ್ತಿದ್ದ ಅದುರು ಈಗ ಒಂದೇ ಸಮನೆ ಮೊಣಕಾಲಿಗೆ ಏರುತ್ತಿತ್ತು. ಆಹಾ, ಎಂಥ ಸುಖ! ಯಾರ ಕೈಯನ್ನೂ ಕಾಯದೆ ಕಣ್ಣು ಮುಚ್ಚಿ ಬಾರಿಸಿದ. ಎರಡನೇ ಹಾಡಿಗೇ ದಪ್ಪ ತಂತಿಯ ಬಿರಡೆ ಜಾರಿದ್ದು ಆ ಪುಣ್ಯಾತ್ಮನಿಗೆ ಹೇಗೆ ತಿಳಿಯಬೇಕು? ಮುಂಚೆಯಾಗಿದ್ದರೆ ತಪ್ಪು ಸ್ವರ ಎದ್ದಷ್ಟೇ ಬೇಗ ಅಡಗುತ್ತಿತ್ತು. ಈಗ ಡಬ್ಬಿ ಅದನ್ನು ಅಡಗಗೊಡಲಿಲ್ಲ. ಎತ್ತಿ ಹಿಡಿದು ಮಂಟಪದ ತುಂಬ ಎಳೆಯಿತು. ಜನ ತಿರುಗಿ ನೋಡಿದರು. ಕಣ್ಣು ತೆರೆದ ವೆಲ್ಲಿಂಗಿರಿ ತನ್ನನ್ನು ಮೆಚ್ಚಿದರೆಂದುಕೊಂಡು ನಕ್ಕ.

“ಶ್ರುತಿ, ಮಾಪ್ಳೆ! ಶ್ರುತಿ!” ದೇವರಾಜನ್ ಬೆನ್ನ ಹಿಂದೆಯೇ ನಿಂತು ಕಿರುಚಿದ. ವೆಲ್ಲಿಂಗಿರಿ ನಗುತ್ತಲೇ ಇದ್ದ.

ಆಗ ಊಟದ ಮನೆಯಿಂದ ಶಿವಗಾಮಿ ಎಂಜಲು ಕೈಯಲ್ಲೇ ಓಡಿಬಂದಳು. ವೇದಿಕೆಯ ಮುಂದೆ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದಳು. ಯಾರದಾದರೂ ಕೈ ಯಂತ್ರಕ್ಕೆ ಸಿಕ್ಕಿದಾಗ ಮಾತ್ರ ಶೆಡ್ಡಿನಲ್ಲಿ ಆ ಸನ್ನೆ. ವೆಲ್ಲಿಂಗಿರಿ ತಂತಿಯಿಂದ ಕೈ ಕಿತ್ತುಕೊಂಡು ಮೊದಲು ತನ್ನ ಬೆರಳುಗಳನ್ನೇ ನೋಡಿಕೊಂಡ. ಎಲ್ಲ ಇದ್ದವು.

ದೇವರಾಜನ್ ತಂಗಿಯನ್ನು ನೋಡಿದ, ಮಾಪ್ಳೆಯನ್ನು ನೋಡಿದ. “ಕಿವಿ ಹೋಗಿದೆಯೇನಮ್ಮಾ ಇವನಿಗೆ?” ಶಿವಗಾಮಿ ತಲೆ ತಗ್ಗಿಸಿದಳು.

ಅವನು ವೆಲ್ಲಿಂಗಿರಿಯ ಎದುರಿಗೇ ನಿಂತು ಡ್ರಮ್ಮಿನ ಆರುಮುಗಂಗೆ ಹೇಳಿದ: “ಮುಂದಿನ ಮುಹೂರ್ತಕ್ಕೆ ಬೇರೆ ಯಾರನ್ನಾದ್ರೂ ಹಿಡಿ. ಈ ಕಿವುಡನ್ನ ಇನ್ನು ಮೇಲೆ ವೇದಿಕೆ ಹತ್ತಿಸಲ್ಲ.”

“ಮೆಲ್ಲಗಣ್ಣಾ, ಇಲ್ಲೇ ಇದ್ದಾರೆ.”

“ಇದ್ರೇನು? ಅವನಿಗೆ ಕೇಳ್ತದಾ?”

ವೆಲ್ಲಿಂಗಿರಿ ವೈರು ಸುತ್ತುತ್ತಿದ್ದ. ಭಾವನ ತುಟಿಗಳಿಂದ ಕಣ್ಣು ತೆಗೆದಿರಲಿಲ್ಲ.

“ಕೇಳ್ತು, ಭಾವ,” ಎಂದ.

ಮೆಲ್ಲಗೇ ಹೇಳಿದೆನೆಂದುಕೊಂಡಿದ್ದ. ಊಟದ ಮನೆಯಲ್ಲಿ ಬಡಿಸುತ್ತಿದ್ದವರ ಕೈಗಳೂ ನಿಂತವು.